ನಂಬರ್ ಘಟ್ಟ ಇಳಿಯುವುದಿಲ್ಲ, ಫೋನು ಇಳಿಯುತ್ತದೆ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಅಪ್ಪಯ್ಯ ತೀರಿಕೊಂಡು ಒಂದು ವರ್ಷವಾಯಿತು. ಮಳೆಗಾಲ ಶುರುವಾಗುವ ಮೊದಲು ಆಯಿಯನ್ನು ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಗೆ ಕರೆತರುತ್ತಿದ್ದೇವೆ. ಊರ ಮನೆಯ ಬಿಎಸ್ಎನ್ಎಲ್ ಲ್ಯಾಂಡ್‌ಲೈನ್ ಇನ್ನೂ ಅಪ್ಪಯ್ಯನ ಹೆಸರಲ್ಲೇ ಇದೆ. ಆಯಿಗೆ ಮೊಬೈಲ್ ಒಗ್ಗುವುದಿಲ್ಲ. ಅದೇ ಫೋನು, ಅದೇ ನಂಬರ್ ಬೇಕು ಅನ್ನುತ್ತಾರೆ. ಅದನ್ನು ಕಾರವಾರಕ್ಕೆ ಶಿಫ್ಟ್ ಮಾಡಿಸಬಹುದಾ? ಬಿಲ್ಲಿನ ವಿಳಾಸ ತಾನಾಗಿಯೇ ಬದಲಾಗುತ್ತದಾ, ಅದಕ್ಕೆ ಬೇರೆ ಅರ್ಜಿ ಕೊಡಬೇಕಾ?

ಉತ್ತರ: ಬೇಸರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ನಂಬರ್ ಕಾರವಾರಕ್ಕೆ ಬರುವುದಿಲ್ಲ. ಫೋನು ಬರುತ್ತದೆ, ಆಯಿಯ ಹೆಸರಲ್ಲಿ ಹೊಸ ಲೈನ್ ಬರುತ್ತದೆ, ಬಿಲ್ಲು ಬರುತ್ತದೆ. ನಂಬರ್ ಮಾತ್ರ ಶಿರಸಿಯಲ್ಲೇ ಉಳಿಯುತ್ತದೆ.

ಇದು ಯಾರೋ ಕೌಂಟರಿನಲ್ಲಿ ಕೂತು ಮನಸ್ಸು ಮಾಡಿದರೆ ಆಗುವ ಕೆಲಸವಲ್ಲ. ಮೊಬೈಲ್ ನಂಬರ್ ಮನುಷ್ಯನ ಜೊತೆ ಓಡಾಡುತ್ತದೆ. 2011ರ ಜನವರಿ 20ರಿಂದ ದೇಶದಾದ್ಯಂತ ಕಂಪನಿ ಬದಲಿಸಿದರೂ ಅದೇ ಮೊಬೈಲ್ ನಂಬರ್ ಇಟ್ಟುಕೊಳ್ಳಬಹುದು. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಬಂದಿಲ್ಲ. ಅದರ ನಂಬರ್ ಜಾಗಕ್ಕೆ ಸೇರಿದ್ದು. ಶಿರಸಿಯ ಕೋಡ್ 08384. ಕಾರವಾರದ್ದು 08382. ಭಟ್ಕಳ 08385, ಕುಮಟಾ 08386, ಹೊನ್ನಾವರ 08387, ಅಂಕೋಲಾ 08388, ಸಿದ್ದಾಪುರ 08389. ಹೀಗೆ ನಮ್ಮಲ್ಲಿ ಒಂದೊಂದು ತಾಲೂಕಿಗೆ ಒಂದೊಂದು ಕೋಡ್ ಇದೆ. ಮುಂದಿನ ಸೊನ್ನೆ ಬಿಟ್ಟರೆ ನಾಲ್ಕು ಅಂಕಿ ಕೋಡ್, ಆರು ಅಂಕಿ ಮನೆಯ ನಂಬರ್, ಒಟ್ಟು ಹತ್ತು. ಆ ಹತ್ತರಲ್ಲಿ ಮೊದಲ ನಾಲ್ಕು ಅಂಕಿಯೇ ಊರು. ಅದನ್ನು ಬಿಟ್ಟು ಉಳಿದ ಆರನ್ನು ಮಾತ್ರ ಕಿತ್ತು ತಂದರೆ ಅದು ಹಳೆಯ ನಂಬರ್ ಆಗಿರುವುದಿಲ್ಲ ಅಲ್ವಾ?

ಇಪ್ಪತ್ತು ಮೂವತ್ತು ವರ್ಷದ ನಂಬರ್ ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಮ್ಮ ಜಿಲ್ಲೆಯ ಎಕ್ಸ್‌ಚೇಂಜುಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಎಷ್ಟೋ ಮನೆಗಳ ಜಗುಲಿಯಲ್ಲಿ ಫೋನಿನ ಪಕ್ಕ ದಾರ ಕಟ್ಟಿ ನೇತುಹಾಕಿದ ಪುಸ್ತಕ ನೋಡಿದ್ದೇನೆ. ಮನೆ ಯಜಮಾನರ ಕೈಬರಹ. ಮೊದಲು ಮೂರಂಕಿ, ಅದನ್ನು ಹೊಡೆದು ಐದಂಕಿ, ಆಮೇಲೆ ಬೇರೆ ಶಾಯಿಯಲ್ಲಿ ಮುಂದೆ ಒಂದು 2. ಎಕ್ಸ್‌ಚೇಂಜ್ ಬೆಳೆದ ಹಾಗೆ ನಂಬರೂ ಬೆಳೆದದ್ದು ಆ ಒಂದು ಪುಟದಲ್ಲೇ ಕಾಣುತ್ತದೆ. ನಿಮ್ಮ ಮನೆಯಲ್ಲೂ ಅಂಥ ಪುಸ್ತಕ ಇದ್ದರೆ ಅದನ್ನು ಸಾಮಾನಿನ ಜೊತೆ ಪ್ಯಾಕ್ ಮಾಡಬೇಡಿ, ಕೈಯಲ್ಲಿ ಹಿಡಿದುಕೊಂಡು ಬನ್ನಿ. ಅದರ ಕೆಲಸ ಮುಂದಿದೆ.

ಈಗ ನಂಬರ್ ಬರುವುದಿಲ್ಲ ಅಂತಾದರೆ ಶಿಫ್ಟ್ ಅರ್ಜಿಗೇ ಹೆಚ್ಚು ಅರ್ಥವಿಲ್ಲ. ಜನ ಇಲ್ಲೇ ಸುಮ್ನೆ ಸುತ್ತಾಡಿ ಸುಸ್ತಾಗುತ್ತಾರೆ. ಶಿಫ್ಟ್ ಅನ್ನುವುದು ನಿಜವಾಗಿ ಉಪಯೋಗಕ್ಕೆ ಬರುವುದು ಅದೇ ಎಕ್ಸ್‌ಚೇಂಜಿನ ಒಳಗೆ ಮನೆ ಬದಲಿಸಿದಾಗ. ಆಗ ನಂಬರ್ ಹಾಗೇ ಇರುತ್ತದೆ, ತಂತಿ ಮಾತ್ರ ಬೇರೆ ಕಂಬದಿಂದ ಬರುತ್ತದೆ. ಒಂದೇ ತಾಲೂಕಿನಲ್ಲಿ ಎಕ್ಸ್‌ಚೇಂಜ್ ಬೇರೆಯಾದರೆ, ಉದಾಹರಣೆಗೆ ಕಾಳಿ ನದಿಯ ಈಚೆಯ ಕೋಡಿಬಾಗದಿಂದ ಆಚೆಯ ಸದಾಶಿವಗಡಕ್ಕೆ ಹೋದರೆ, ಕೋಡ್ ಒಂದೇ ಆದರೂ ನಂಬರ್ ಉಳಿಯುತ್ತದಾ ಅಂತ ಕೌಂಟರಿನಲ್ಲಿ ಕೇಳಿಯೇ ಮುಂದುವರಿಯಬೇಕು. ಘಟ್ಟದ ಮೇಲಿಂದ ಘಟ್ಟದ ಕೆಳಗೆ ಬಂದಾಗ ಮಾತ್ರ ಕೇಳುವುದೇ ಬೇಡ.

ಹಾಗಾಗಿ ನೀವು ಮೊದಲು ತೀರ್ಮಾನ ಮಾಡಬೇಕಾದದ್ದು ಊರ ಮನೆಯ ಬಗ್ಗೆ. ಆ ಮನೆಯಲ್ಲಿ ಯಾರಾದರೂ ಇರುತ್ತಾರಾ? ತೋಟ ನೋಡಿಕೊಳ್ಳಲು ತಮ್ಮನೋ ಚಿಕ್ಕಪ್ಪನೋ ಉಳಿಯುತ್ತಾರಾ? ಹಾಗಿದ್ದರೆ ಆ ಲೈನನ್ನು ತೆಗೆಸಬೇಡಿ. ಶಿರಸಿ, ಸಿದ್ದಾಪುರದ ಕಾಡಂಚಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮೊಬೈಲ್ ಹಿಡಿದು ಅಂಗಳದ ಮೂಲೆಗೋ ಗುಡ್ಡದ ತುದಿಗೋ ಹೋಗಬೇಕು. ಅಲ್ಲಿ ಲ್ಯಾಂಡ್‌ಲೈನ್ ಅಂದರೆ ಜೀವ. ಲೈನನ್ನು ಉಳಿಯುವವರ ಹೆಸರಿಗೆ ಮಾಡಿಸಿ. ಆ ಮನೆಗೆ ಬೀಗ ಬಿದ್ದರೂ ಅದೇ ಊರಲ್ಲಿ ದಾಯಾದಿಗಳ ಮನೆ ಇದ್ದು, ಅವರಿಗೆ ಫೋನ್ ಬೇಕಿದ್ದರೆ, ಅಲ್ಲಿಗೆ ಶಿಫ್ಟ್ ಮಾಡಿಸಿ. ಎಕ್ಸ್‌ಚೇಂಜ್ ಒಂದೇ, ನಂಬರ್ ಉಳಿಯುತ್ತದೆ. ಆಯಿಯನ್ನು ಹುಡುಕಿ ಆ ನಂಬರಿಗೆ ಕರೆ ಮಾಡಿದವರಿಗೆ ಕಾರವಾರದ ನಂಬರ್ ಹೇಳುವ ಒಬ್ಬರು ಅಲ್ಲಿರುತ್ತಾರೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಕಾಣುವುದಿಲ್ಲ.

ಯಾರೂ ಇರುವುದಿಲ್ಲ ಅಂತಾದರೆ ಕೆಲವು ತಿಂಗಳು ಮಾತ್ರ ಹಳೆ ಲೈನ್ ಇಟ್ಟುಕೊಂಡು, ಅದಕ್ಕೆ ಬರುವ ಕರೆಗಳನ್ನು ಕಾಲ್ ಫಾರ್ವರ್ಡಿಂಗ್ ಮೂಲಕ ನಿಮ್ಮ ಮೊಬೈಲಿಗೆ ತಿರುಗಿಸಬಹುದು. ತಿಂಗಳ ಬಾಡಿಗೆ ಎರಡೂ ಕಡೆ ಕಟ್ಟಬೇಕಾಗುತ್ತದೆ. ತಿರುಗಿಸಿದ ಕರೆಗೆ ನಿಮ್ಮ ಪ್ಲಾನಿನಲ್ಲಿ ಹಣ ಬೀಳುತ್ತದಾ ಅಂತಲೂ ಕೇಳಿಕೊಳ್ಳಿ. ಆರು ತಿಂಗಳಿಗಿಂತ ಜಾಸ್ತಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟರಲ್ಲಿ ಕರೆ ಮಾಡಬೇಕಾದವರೆಲ್ಲ ಒಮ್ಮೆಯಾದರೂ ಮಾಡಿರುತ್ತಾರೆ.

ಇನ್ನು ಹೆಸರಿನ ವಿಷಯ. ಇದನ್ನು ನೀವು ಪ್ರಶ್ನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿದ್ದೀರಿ. ಆದರೆ ಇಡೀ ಕೆಲಸದಲ್ಲಿ ಗಟ್ಟಿ ಗಂಟು ಇದೇ. ಲೈನ್ ಅಪ್ಪಯ್ಯನ ಹೆಸರಲ್ಲಿದೆ. ಅಂದರೆ ಮುಚ್ಚಿಸುವುದಕ್ಕೆ, ಶಿಫ್ಟಿಗೆ, ಬಿಲ್ಲಿನ ವಿಳಾಸ ಬದಲಿಸುವುದಕ್ಕೆ, ಎಲ್ಲಕ್ಕೂ ಸಹಿ ಮಾಡಬೇಕಾದವರು ಅವರೇ. ಅವರ ಹೆಸರಲ್ಲಿ ನೀವು ಸಹಿ ಹಾಕಿ ಕೊಡಬೇಡಿ. ಬಹಳ ಜನ ಹಾಗೆ ಮಾಡುತ್ತಾರೆ, ಯಾರೂ ಕೇಳುವುದಿಲ್ಲ ಅಂದುಕೊಳ್ಳುತ್ತಾರೆ. ಠೇವಣಿ ಹಣ ವಾಪಸ್ ಬರುವಾಗ ತೀರಿಹೋದವರ ಹೆಸರಲ್ಲೇ ಬಂದರೆ ಬ್ಯಾಂಕಿನಲ್ಲಿ ಮತ್ತೆ ಅಲೆದಾಟ. ಮರಣ ಪ್ರಮಾಣಪತ್ರ ತೆಗೆದುಕೊಳ್ಳಿ. ಈಗ ಅದು ಸರ್ಕಾರದ ಇ-ಜನ್ಮ ವ್ಯವಸ್ಥೆಯಲ್ಲಿ ಬರುತ್ತದೆ, ಹೇಗಿದ್ದರೂ ಪಹಣಿಗೂ ಸೊಸೈಟಿಗೂ ನಿಮಗೆ ಅದು ಬೇಕೇ ಬೇಕು. ಆಯಿಯ ಆಧಾರ್ ಪ್ರತಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಕೊನೆಯ ಬಿಲ್ ಕಟ್ಟಿದ ರಸೀದಿ ಜೊತೆಗಿರಲಿ. ಒಪ್ಪಿಗೆ ಪತ್ರ ಯಾವ ನಮೂನೆಯಲ್ಲಿರಬೇಕು, ಸ್ಟಾಂಪ್ ಪೇಪರ್ ಬೇಕಾ ಅಂತ ಶಿರಸಿಯ ಗ್ರಾಹಕ ಕೇಂದ್ರದಲ್ಲಿ ಮೊದಲೇ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ. ಅಕ್ಕ ತಂಗಿಯರು ಮದುವೆಯಾಗಿ ಬೇರೆ ಊರಲ್ಲಿದ್ದರೆ ಮುಂದೆ ಎಲ್ಲರೂ ಸೇರುವ ಹಬ್ಬಕ್ಕೋ ತಿಥಿಗೋ ಸಹಿ ಮಾಡಿಸಿಟ್ಟುಕೊಳ್ಳಿ.

ಊರ ಲೈನ್ ಉಳಿಸುವುದಾದರೆ ಇದೇ ಕಾಗದಗಳಿಂದ ಹೆಸರು ವರ್ಗಾವಣೆ ಮಾಡಿಸಿ. ಉಳಿಸುವುದಿಲ್ಲ ಅಂತಾದರೆ ಹೆಸರು ಬದಲಿಸಿ, ಆಮೇಲೆ ಶಿಫ್ಟ್ ಕೇಳಿ, ಆಮೇಲೆ ಹೊಸ ನಂಬರ್ ತೆಗೆದುಕೊಳ್ಳುವ ಉದ್ದ ದಾರಿ ಬೇಡ. ಅದನ್ನು ಅಲ್ಲಿ ಮುಚ್ಚಿಸಿ, ಠೇವಣಿ ವಾರಸುದಾರರ ಖಾತೆಗೆ ಹಾಕಿಸಿಕೊಳ್ಳಿ. ಕಾರವಾರದಲ್ಲಿ ಆಯಿಯ ಹೆಸರಲ್ಲೇ ಹೊಸ ಸಂಪರ್ಕ ತೆಗೆದುಕೊಳ್ಳಿ. ನಿಮ್ಮ ಹೆಸರಲ್ಲಿ ಬೇಡ, ಆಯಿಯ ಹೆಸರಲ್ಲಿ. ಕಾರಣ ಕೆಳಗೆ ಹೇಳುತ್ತೇನೆ.

ಕಾರವಾರದಲ್ಲಿ ಬರುವುದು ಬಹುತೇಕ ಫೈಬರ್ ಲೈನ್. ಅದು ಒಳ್ಳೆಯದೇ. ಕಾಳಿ ಸಮುದ್ರ ಸೇರುವ ಆ ಜಾಗದಲ್ಲಿ ತಾಮ್ರದ ತಂತಿಗೆ ಉಪ್ಪು ಗಾಳಿಯೇ ಶತ್ರು. ಕೋಡಿಬಾಗದ ಕಡೆ ಮನೆಯ ಗೋಡೆಯ ಮೇಲಿನ ಡಬ್ಬಿ ಬಿಚ್ಚಿದರೆ ಸ್ಕ್ರೂ ಸುತ್ತ ಹಸಿರು ಕಿಲುಬು ಹಿಟ್ಟಿನ ಹಾಗೆ ಕೂತಿರುತ್ತಿತ್ತು. ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಅದನ್ನು ಕೆರೆದು, ತಂತಿಯ ತುದಿ ಕತ್ತರಿಸಿ ಮತ್ತೆ ಬಿಗಿದರೆ ಮುಂದಿನ ಮಳೆಗಾಲದ ತನಕ ಕರಕರ ಸದ್ದು ನಿಲ್ಲುತ್ತಿತ್ತು. ಫೈಬರ್ ಗಾಜಿನ ಎಳೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ.

ಆದರೆ ಒಂದು ವಿಷಯ ಆಯಿಗೆ ಮೊದಲೇ ಹೇಳಿಡಿ. ಊರಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದರೂ ಫೋನಿನಲ್ಲಿ ಡಯಲ್ ಟೋನ್ ಬರುತ್ತಿತ್ತಲ್ವಾ? ಆ ಫೋನಿಗೆ ಬೇಕಾದ 48 ವೋಲ್ಟ್ ಮನೆಯ ಕರೆಂಟಿನಿಂದ ಬರುತ್ತಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಾಮ್ರದ ತಂತಿಯಲ್ಲೇ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ ಬರುವುದಿಲ್ಲ. ಹೊಸ ಮನೆಯಲ್ಲಿ ಗೋಡೆಗೆ ಹಾಕುವ ಓಎನ್‌ಟಿ ಡಬ್ಬಿಗೆ, ಅಂದರೆ ಆ ಬೆಳಕನ್ನು ಫೋನಿಗೂ ಇಂಟರ್ನೆಟ್ಟಿಗೂ ಹೊಂದುವ ಹಾಗೆ ಬದಲಿಸುವ ಡಬ್ಬಿಗೆ, ಮನೆಯ ಕರೆಂಟು ಬೇಕು. ಕರೆಂಟು ಹೋದರೆ ಇಂಟರ್ನೆಟ್ ಜೊತೆ ಫೋನೂ ಸತ್ತುಹೋಗುತ್ತದೆ. ವಯಸ್ಸಾದವರು ಒಬ್ಬರೇ ಇರುವ ಹೊತ್ತಿನಲ್ಲಿ ಇದು ಸಣ್ಣ ವಿಷಯ ಅಲ್ಲ. ರೌಟರಿಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಓಎನ್‌ಟಿಯ ಅಡಾಪ್ಟರ್ ಮೇಲೆ ಅಚ್ಚಾಗಿರುವ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ನೋಡಿ, ಅದಕ್ಕೆ ಹೊಂದುವುದನ್ನೇ ಕೇಳಿ. ಮನೆಗೆ ಇನ್ವರ್ಟರ್ ಇದ್ದರೆ ಆ ಡಬ್ಬಿಯ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯಾ ಅಂತ ಒಮ್ಮೆ ಮೇನ್ ಆಫ್ ಮಾಡಿ ನೋಡಿಬಿಡಿ.

ಆಯಿಗೆ ಅದೇ ಫೋನು ಬೇಕು ಅಂದಿರಿ. ಗುಂಡಿ ಒತ್ತುವ ಫೋನಾದರೆ ಧಾರಾಳವಾಗಿ ತನ್ನಿ. ಓಎನ್‌ಟಿಯ ಹಿಂದೆ ಫೋನಿನ ಗುರುತಿರುವ ಸಣ್ಣ ಕಿಂಡಿಗೆ ಅದರ ತಂತಿ ಸಿಕ್ಕಿಸಿದರೆ ಆಯಿತು. ಹಳೆ ಫೋನಿನ ಬದಿಯಲ್ಲೋ ಅಡಿಯಲ್ಲೋ ಟೋನ್, ಪಲ್ಸ್ ಅಂತ ಒಂದು ಸಣ್ಣ ಸ್ವಿಚ್ ಇರಬಹುದು. ಅದು ಟೋನ್ ಕಡೆಗಿರಲಿ. ಪಲ್ಸ್ ಕಡೆಗಿದ್ದರೆ ಕರೆ ಬರುತ್ತದೆ, ಹೋಗುವುದಿಲ್ಲ. ಫೋನೇ ಹಾಳಾಗಿದೆ ಅಂತ ಜನ ಬಿಸಾಡುವುದು ಇಷ್ಟಕ್ಕೇ. ಬೆರಳು ಹಾಕಿ ತಿರುಗಿಸುವ ಹಳೆ ಡಯಲ್ ಫೋನಾದರೆ ಫೈಬರ್ ಡಬ್ಬಿಯಲ್ಲಿ ಅದರಿಂದ ಕರೆ ಹೋಗುವುದು ಕಷ್ಟ. ದೊಡ್ಡ ಗುಂಡಿಯ ಒಂದು ಹೊಸ ಫೋನು ಕೊಡಿಸಿ.

ಅರ್ಜಿ ಕೊಡುವ ಮೊದಲು ಕೋಡಿಬಾಗದ ಅಕ್ಕಪಕ್ಕದ ಮನೆಯಲ್ಲಿ ಫೈಬರ್ ಯಾರು ಹಾಕಿಕೊಟ್ಟರು ಅಂತ ವಿಚಾರಿಸಿ. ಬಿಎಸ್ಎನ್ಎಲ್ ಫೈಬರನ್ನು ಮನೆ ತನಕ ಎಳೆಯುವುದು ಬಹುತೇಕ ಕಡೆ ಸ್ಥಳೀಯ ಪಾಲುದಾರರು. ನಿಮ್ಮ ಓಣಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಖಾಲಿ ಪೋರ್ಟ್, ಅಂದರೆ ಹೊಸ ಎಳೆ ಸಿಕ್ಕಿಸುವ ಕಿಂಡಿ, ಇದೆಯಾ ಅನ್ನುವುದು ಅವರಿಗೆ ಮಾತ್ರ ಗೊತ್ತು. ಪೋರ್ಟ್ ಇಲ್ಲದೆ ಅರ್ಜಿ ಎಷ್ಟು ಬೇಗ ಕೊಟ್ಟರೂ ಪ್ರಯೋಜನವಿಲ್ಲ. ಲೈನ್ ಹಾಕಲು ಬಂದವರ ಹತ್ತಿರ ಅಂಗೈಯಷ್ಟು ದೊಡ್ಡ ಪವರ್ ಮೀಟರ್ ಇರುತ್ತದೆ. ಎಳೆಯ ತುದಿಯನ್ನು ಅದಕ್ಕೆ ಹಾಕಿದಾಗ ಮೈನಸ್ ಗುರುತಿನ ಒಂದು ಅಂಕಿ ಬರುತ್ತದೆ. ಅದನ್ನು ತೋರಿಸಿ ಅನ್ನಿ, ಫೋಟೋ ತೆಗೆದಿಟ್ಟುಕೊಳ್ಳಿ. ಮೈನಸ್ 20ರ ಆಸುಪಾಸಿದ್ದರೆ ಚೆನ್ನಾಗಿದೆ. ಮೈನಸ್ 27 ದಾಟಿದರೆ ಬೆಳಕು ಸಾಲದು, ಅವತ್ತು ನಡೆದರೂ ಮಳೆ ಹಿಡಿದ ಮೇಲೆ ಕೈಕೊಡುತ್ತದೆ. ಎಲ್ಲೋ ಎಳೆ ತೀರಾ ಮಡಚಿದೆ ಅಥವಾ ಜೋಡಣೆ ಸರಿಯಿಲ್ಲ ಅಂತ ಅರ್ಥ. ಅದನ್ನು ಸರಿಮಾಡಿಸಿಯೇ ಸಹಿ ಹಾಕಿ. ಮುಂದೆ ಯಾವತ್ತಾದರೂ ಫೋನ್ ಸತ್ತಾಗ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಡಬ್ಬಿಗೆ ಬೆಳಕು ಬರುತ್ತಿಲ್ಲ ಅಂತ ತಿಳಿಯಿರಿ, ಬಹುತೇಕ ಹೊರಗಿನ ಎಳೆ ತುಂಡಾಗಿರುತ್ತದೆ.

ಈಗ ವಿಳಾಸ. ನೀವು ಕೇಳಿದ್ದಕ್ಕೆ ನೇರ ಉತ್ತರ: ತಾನಾಗಿ ಬದಲಾಗುವುದಿಲ್ಲ. ಫೋನ್ ಕಂಪನಿಯ ದಾಖಲೆಯಲ್ಲಿ ಎರಡು ವಿಳಾಸ ಇರುತ್ತವೆ. ಲೈನ್ ಹಾಕಿದ ಜಾಗದ್ದು ಒಂದು, ಬಿಲ್ ಕಳಿಸುವ ಜಾಗದ್ದು ಇನ್ನೊಂದು. ಲೈನ್ ಹಾಕುವವರು ಮೊದಲನೆಯದನ್ನು ಬದಲಿಸುತ್ತಾರೆ. ಎರಡನೆಯದನ್ನು ನೀವು ಕೇಳಿ ಬದಲಿಸಿಕೊಳ್ಳಬೇಕು. ಇದು ನನ್ನ ಮನೆಯಲ್ಲೇ ಆದ ಪಾಠ. ಹೊನ್ನಾವರದ ಬಾಡಿಗೆ ಮನೆ ಬಿಟ್ಟು ಬಂದಾಗ ಒಂದು ಕಂಪನಿಯ ಇಂಟರ್ನೆಟ್ ಲೈನ್ ಹೊಸ ಮನೆಗೆ ಬಂತು, ಚೆನ್ನಾಗಿಯೇ ನಡೆಯಿತು. ಬಿಲ್ಲು ಮಾತ್ರ ಹಳೆ ಮನೆಗೇ ಹೋಗುತ್ತಿತ್ತು. ಅಲ್ಲಿ ಬಂದ ಹೊಸಬರು ಅದನ್ನು ಕಿಟಕಿಯಲ್ಲಿ ಸಿಕ್ಕಿಸಿಟ್ಟಿದ್ದರು. ಎರಡು ತಿಂಗಳ ಮೇಲೆ ಬಿಲ್ ಕಟ್ಟಿಲ್ಲ ಅಂತ ಲೈನ್ ಕತ್ತರಿಸಿದರು. ಹೆಂಡತಿಯ ತವರಿನಲ್ಲಿ ಆಸ್ಪತ್ರೆಯ ಗಡಿಬಿಡಿ ಇದ್ದ ವಾರವೇ ಅದು. ಆವತ್ತಿನ ಸಂಕಟ ಇವತ್ತಿಗೂ ಮರೆತಿಲ್ಲ.

ನಿಮ್ಮದು ಹೊಸ ಸಂಪರ್ಕವಾದರೆ ಅರ್ಜಿಯಲ್ಲೇ ಎರಡೂ ಕಡೆ ಕಾರವಾರದ ವಿಳಾಸ ಬರೆಯಿರಿ. ಆಯಿಯ ಆಧಾರಿನಲ್ಲಿ ಇನ್ನೂ ಊರ ವಿಳಾಸ ಇರುತ್ತದೆ, ಅದನ್ನು ನೋಡಿಕೊಂಡು ಕೌಂಟರಿನವರು ಬಿಲ್ಲಿಂಗ್ ವಿಳಾಸಕ್ಕೆ ಶಿರಸಿ ಅಂತ ಹಾಕಿಬಿಡುವುದುಂಟು. ಕಂಪ್ಯೂಟರಿನಲ್ಲಿ ಸೇರಿಸಿದ್ದನ್ನು ಓದಿ ಹೇಳಿ ಅನ್ನಿ. ಸಂಪರ್ಕದ ಮೊಬೈಲ್ ನಂಬರ್ ನಿಮ್ಮದು ಕೊಡಿ, ಬಿಲ್ಲಿನ ಸಂದೇಶ ನಿಮಗೆ ಬರಲಿ.

ವಿಳಾಸ ಬರೆಯುವಾಗ ಊರಿನ ರೂಢಿ ಬಿಡಿ. ಹಳ್ಳಿಯಲ್ಲಿ ಮನೆ ಹೆಸರು, ಊರು, ಅಂಚೆ, ತಾಲೂಕು ಅಂದರೆ ಪೋಸ್ಟ್‌ಮನ್ ಕಣ್ಣು ಮುಚ್ಚಿ ಬರುತ್ತಿದ್ದ. ಕಾರವಾರದಲ್ಲಿ ನಗರಸಭೆಯ ಮನೆ ನಂಬರ್, ರಸ್ತೆ, ಗುರುತಿಗೆ ಹತ್ತಿರದ ದೇವಸ್ಥಾನವೋ ಶಾಲೆಯೋ ಬೇಕು. ಪಿನ್ ಕೋಡ್ ಅಂದಾಜಿನಲ್ಲಿ ಹಾಕಬೇಡಿ. 581301 ಕಾರವಾರದ ಮುಖ್ಯ ಅಂಚೆ ಕಚೇರಿಯದು. ತಾಲೂಕಿನೊಳಗೇ ಬೇರೆ ಬೇರೆ ಪಿನ್ ಇವೆ, ನಿಮ್ಮ ಓಣಿಗೆ ಯಾವುದು ಅಂತ ಕಾಗದ ತರುವವರನ್ನೇ ಕೇಳಿ. ನಿಮ್ಮ ಮನೆಯ ಹಳೆ ಕಾಗದಗಳಲ್ಲಿ ಜಿಲ್ಲೆಯ ಹೆಸರು ನಾರ್ತ್ ಕೆನರಾ ಅಂತ ಇರಬಹುದು, ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಹೆಸರು ಅದು. ಎಲ್ಲ ಕಡೆ ಉತ್ತರ ಕನ್ನಡ ಅಂತಲೇ ಇರಲಿ. ಇಂಗ್ಲಿಷಿನಲ್ಲಿ ಊರ ಹೆಸರಿನ ಅಕ್ಷರಗಳೂ ಆಧಾರ್, ಬ್ಯಾಂಕ್, ಬಿಲ್ ಮೂರರಲ್ಲೂ ಒಂದೇ ಥರ ಇರಬೇಕು.

ಆಯಿಯ ಹೆಸರಲ್ಲೇ ಲೈನ್ ತೆಗೆದುಕೊಳ್ಳಿ ಅಂದದ್ದು ಇದಕ್ಕೇ. ಆಧಾರಿನಲ್ಲಿ ವಿಳಾಸ ಬದಲಿಸಲು ಒಪ್ಪುವ ದಾಖಲೆಗಳಲ್ಲಿ ಲ್ಯಾಂಡ್‌ಲೈನ್ ಬಿಲ್ ಒಂದು, ಮೂರು ತಿಂಗಳೊಳಗಿನದ್ದಾಗಿರಬೇಕು. ಮಗನ ಮನೆಗೆ ಬಂದ ಆಯಿಯ ಹೆಸರಲ್ಲಿ ಕರೆಂಟು ಬಿಲ್ ಇರುವುದಿಲ್ಲ, ಮನೆ ಕಾಗದ ಇರುವುದಿಲ್ಲ. ಕಾರವಾರದಲ್ಲಿ ಅವರ ಹೆಸರಿನ ಕಾಗದ ಅಂತ ಮೊದಲು ಹುಟ್ಟುವುದು ಈ ಫೋನ್ ಬಿಲ್ಲೇ. ಅದರಿಂದ ಆಧಾರ್, ಆಧಾರಿನಿಂದ ಬ್ಯಾಂಕ್, ಪಿಂಚಣಿ ಇದ್ದರೆ ಪಿಂಚಣಿ, ಹೀಗೆ ಒಂದರ ಹಿಂದೆ ಒಂದು ಹೋಗುತ್ತದೆ. ಮೊದಲ ಬಿಲ್ಲಿನಲ್ಲೇ ವಿಳಾಸ ತಪ್ಪಿದ್ದರೆ ಅಷ್ಟೂ ತಪ್ಪುತ್ತದೆ. ಹಾಗಾಗಿ ಮೊದಲ ಬಿಲ್ ಬಂದ ದಿನ ಮೊತ್ತ ನೋಡುವ ಮೊದಲು ಹೆಸರು, ವಿಳಾಸ, ಪಿನ್ ಓದಿ.

ಇನ್ನೊಂದು ಕಾರಣಕ್ಕೂ ದಾಖಲೆಯ ವಿಳಾಸ ಸರಿಯಿರಬೇಕು. ತುರ್ತಿಗೆ 112ಕ್ಕೆ ಲ್ಯಾಂಡ್‌ಲೈನಿನಿಂದ ಕರೆ ಹೋದಾಗ ಆ ನಂಬರ್ ಎಲ್ಲಿಯದು ಅಂತ ಹುಡುಕಬೇಕಾಗಿ ಬಂದರೆ ಸಿಗುವುದು ಆ ದಾಖಲೆಯೇ. ಅದನ್ನೇ ನಂಬಿ ಕೂರಬಾರದು. ಮನೆಯ ವಿಳಾಸವನ್ನು ಆಯಿಗೆ ಬಾಯಿಪಾಠ ಮಾಡಿಸಿ. ಎಪ್ಪತ್ತು ವರ್ಷ ಒಂದೇ ಊರಿನ ಹೆಸರು ಹೇಳಿದವರಿಗೆ ಗಾಬರಿಯಲ್ಲಿ ಬಾಯಿಗೆ ಬರುವುದೂ ಆ ಊರೇ.

ಕೆಲಸ ತಡವಾದರೆ ದೂರು ಕೊಟ್ಟು ಡಾಕೆಟ್ ನಂಬರ್, ಅಂದರೆ ಆ ದೂರಿನ ನಂಬರ್, ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್‌ಗೆ ಬರೆಯುವುದು ವ್ಯರ್ಥ, ಅದು ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲ. ಈ ಓಡಾಟದ ದಿನಗಳಲ್ಲೇ ಮೋಸದ ಕರೆಯೂ ಬರಬಹುದು. ನಿಮ್ಮ ಫೋನ್ ಎರಡು ಗಂಟೆಯಲ್ಲಿ ಬಂದ್ ಆಗುತ್ತದೆ, ಒಂಬತ್ತು ಒತ್ತಿ, ಕೆವೈಸಿ ಹೇಳಿ ಅನ್ನುತ್ತಾರೆ. ಅರ್ಜಿ ಹಾಕಿ ಕಾಯುತ್ತಿರುವವರು ಸುಲಭವಾಗಿ ನಂಬುತ್ತಾರೆ. ಹಾಗಂದವರ ಫೋನ್ ಇಟ್ಟುಬಿಡಿ ಅಂತ ಆಯಿಗೆ ಹೇಳಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಆ ಜಗುಲಿಯ ಪುಸ್ತಕ. ಹೊಸ ನಂಬರ್ ಬಂದ ಸಂಜೆ ಆಯಿಯ ಪಕ್ಕ ಕೂತು ಮೊದಲ ಪುಟದಿಂದ ಒಂದೊಂದೇ ನಂಬರಿಗೆ ಅವರಿಂದಲೇ ಕರೆ ಮಾಡಿಸಿ. ನೀವು ವಾಟ್ಸಾಪಿನಲ್ಲಿ ಹಾಕಿದರೆ ಮೊಬೈಲ್ ಇದ್ದವರಿಗೆ ತಲುಪುತ್ತದೆ. ಆಯಿಯ ಜೊತೆ ನಿಜವಾಗಿ ಮಾತಾಡುವವರು ಮೊಬೈಲ್ ಇಲ್ಲದವರು. ಅಡಿಕೆ ಸೊಸೈಟಿ, ಗ್ಯಾಸ್ ಏಜೆನ್ಸಿ, ಎಲ್‌ಐಸಿ, ಕುಲದೇವರ ದೇವಸ್ಥಾನದ ಕಚೇರಿ, ಇಲ್ಲೆಲ್ಲ ಅಪ್ಪಯ್ಯ ಕೊಟ್ಟಿದ್ದ ನಂಬರ್ ಇರುತ್ತದೆ. ಆ ಹೆಸರುಗಳೂ ಅದೇ ಪುಸ್ತಕದಲ್ಲಿ ಸಿಗುತ್ತವೆ.

ಆಮೇಲೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿ. ಊರಲ್ಲಿದ್ದಾಗ ಪಕ್ಕದ ಮನೆಗೆ ಆರು ಅಂಕಿ ಒತ್ತಿದರೆ ಸಾಕಿತ್ತು. ಕಾರವಾರದಿಂದ ಅದೇ ಮನೆಗೆ ಮಾಡುವಾಗ ಮೊದಲು 08384 ಬೇಕು. ಮೊಬೈಲಿಗೆ ಮಾಡುವಾಗ ಮೊದಲು ಒಂದು ಸೊನ್ನೆ ಬೇಕು. 2021ರ ಜನವರಿ 15ರಿಂದ ಈ ನಿಯಮ ಇದೆ, ಊರಲ್ಲೂ ಅವರು ಹಾಗೇ ಮಾಡುತ್ತಿದ್ದಿರಬಹುದು. ಹಾಳೆಯಲ್ಲಿ ಮೇಲೆ ಆಯಿಯ ಹೊಸ ನಂಬರ್, ಅದರ ಕೆಳಗೆ ನಿಮ್ಮ ಮೊಬೈಲ್ ಸೊನ್ನೆ ಸಮೇತ, ಅದರ ಕೆಳಗೆ ಊರಿನ ಪಕ್ಕದ ಮನೆಯದ್ದು ಕೋಡ್ ಸಮೇತ, ಕೊನೆಗೆ 112. ಒತ್ತಬೇಕಾದ ಕ್ರಮದಲ್ಲೇ ಪೂರ್ತಿ ಬರೆಯಿರಿ, ಮಧ್ಯೆ ಗೆರೆ ಹಾಕಬೇಡಿ.